ವಕೇಶೊ ತಟ್ಟಿದ ಬಾಗಿಲು

ಅವ್ವಾ,

ನಿನ್ನ ಕಿರಿಮಗಳು ವಕೇಶೊ ಇವತ್ತು ಬಿಷಪ್ ಆದಳು! ತೊಂಬತ್ತು ವರ್ಷ ಗಂಡಸರೇ ಕೂತ ಪೀಠದಲ್ಲಿ ಈಗ ನಮ್ಮ ತೈಟಾ ಬೆಟ್ಟದ ಹೆಣ್ಣುಮಗಳು. ವಾಡಿಕೆಯಂತೆ ಅವಳು ದೊಡ್ಡ ಚರ್ಚಿನ ಮುಚ್ಚಿದ ಬಾಗಿಲನ್ನು ಕೋಲಿನಿಂದ ಮೂರು ಸಲ ತಟ್ಟಿದಳು. ಒಳಗಿನಿಂದ ತೆರೆದವರು ಯಾರು ಗೊತ್ತೇ? ಇವಳು ಪಾದ್ರಿಯಾಗಿ ಆರಾಧನೆಯಲ್ಲಿ ಹಂಚುತ್ತಿದ್ದ ಕರ್ತನ ರೊಟ್ಟಿ ಹೆಂಗಸಿನ ಕೈಯಿಂದ ಬೇಡವೆಂದು ಹತ್ತು ವರ್ಷ ಎದ್ದು ಹೋಗುತ್ತಿದ್ದ ನಮ್ಮೂರ ಹಿರಿಯರು, ಕಿಟುರಿ ಮಾವ! ಆ ಕೆಲಸವನ್ನು ತಾವೇ ಕೇಳಿ ಪಡೆದಿದ್ದರಂತೆ. ಹೊಸ್ತಿಲಲ್ಲೇ ಮಂಡಿಯೂರಿ, "ತಪ್ಪಾಯ್ತು ತಾಯಿ, ತಲೆ ಮೇಲೆ ಕೈ ಇಡು" ಅಂದರು. "ಏಳಿ ಮಾವ, ಒಳಗೂ ಬಿಡದೆ ಇಲ್ಲೇ ಅಳಿಸ್ತೀರಾ?" ಎಂದು ಇವಳು ಕೈಹಿಡಿದು ಎಬ್ಬಿಸಿದಳು. ಇಬ್ಬರೂ ಜೊತೆಯಾಗಿಯೇ ಒಳನಡೆದರು.

ಈ ಕಡಲತೀರದ ಊರಿನ ಸೆಕೆಗೆ ನನ್ನ ಕಾಲು ಊದಿದೆ, ಗಾಬರಿ ಬೇಡ. ಹದಿನೈದು ದಿನದಲ್ಲಿ ಅವಳನ್ನು ಕರೆತರುತ್ತೇನೆ. ಮೊದಲು ನಿನ್ನ ಆಶೀರ್ವಾದ ಬೇಕಂತೆ. ಊರಿಗೆ ಅವಳದು ಆಮೇಲೆ.

ಮಗ ಮಘಂಗ