ನೇರಳೆ ಬಣ್ಣದ ನೆರಳು

ಬಂಗಾರಪೇಟೆ, ೧೯೩೭

ತಮ್ಮಾ ಚಿಕ್ಕಮುನಿಯಾ,

ನೀನು ಚಿನ್ನದ ಗಣಿಯ ಸುರಂಗ ಕುಸಿದು ಸತ್ತು ಎರಡು ವರ್ಷವಾಯಿತು. ನಿನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ, ಇವತ್ತಂತೂ ನೆತ್ತಿಗೇರಿದೆ.

ಗಣಿಯ ಡಾಕ್ಟರೊಬ್ಬರು ಯೂರೋಪಿನ ಚಿತ್ರಗಳ ಪುಸ್ತಕವೊಂದನ್ನು ನಮ್ಮ ಶಾಲೆಗೆ ಕೊಟ್ಟರು. ಡ್ರಾಯಿಂಗ್ ಮೇಷ್ಟ್ರಲ್ಲವೇ ನಾನು, ಮನೆಗೆ ತಂದು ಅಮ್ಮನ ಮುಂದೆ ತೆರೆದಿಟ್ಟೆ. ಮೊದಲ ಹಾಳೆಗಳಲ್ಲಿ ರಾಜರು, ದೇವತೆಗಳು. ರೇಷ್ಮೆಯ ನೆರಿಗೆಗಳನ್ನೂ ಎಣಿಸಬಹುದು. ನಾನು ನಿನಗೆ ಕಲಿಸಿದ್ದು ಅದನ್ನೇ. ಆಮೇಲಿನ ಚಿತ್ರಕಾರರು ಅರಮನೆ ಬಿಟ್ಟು ಬಯಲಿಗೆ ಬಂದು ಹುಲ್ಲಿನ ಬಣವೆ, ರೈಲಿನ ಹೊಗೆ ಬರೆದಿದ್ದರು. ಗೆರೆಯೇ ಇಲ್ಲ, ಬರೀ ಬಿಸಿಲಿನ ಚುಕ್ಕೆಗಳು. ಅವರ ನಂತರದವರು ಮನಸ್ಸಿನ ಸಂಕಟಕ್ಕೆ ತಕ್ಕಂತೆ ಮುಖಗಳನ್ನೇ ತಿರುಚಿದ್ದರು.

ಬಣವೆಯ ನೆರಳಿಗೆ ನೇರಳೆ ಬಣ್ಣವಿತ್ತು. ಅಮ್ಮ ಅದರ ಮೇಲೆ ಬೆರಳಿಟ್ಟಳು.

"ನಮ್ಮ ಚಿಕ್ಕೋನು ಸಯನೈಡ್ ದಿಬ್ಬಾನ ಇಂಗೇ ಬರ್ದಿದ್ದ ಅಲ್ವೇನೋ?"

ಹೌದು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಆ ದಿಬ್ಬಕ್ಕೆ ನೇರಳೆ ನೆರಳು ಬರೆದಿದ್ದೆ ನೀನು. "ನೆರಳು ಕಪ್ಪು ಕಣ್ಲಾ, ನೇರಳೆ ಯಾವನು ಕಂಡವ್ನೆ?" ಎಂದು ನಿನ್ನ ಕೆನ್ನೆಗೆ ಹೊಡೆದವನು ನಾನು. "ನಾನು ಕಂಡಿವ್ನಿ" ಎಂದು ನೀನು ತಿರುಗಿ ಹೇಳಬಾರದಿತ್ತೇ? ಕುಂಚ ಎಸೆದು, ಮಾರನೆಯ ದಿನವೇ ಗಣಿ ಕೆಲಸಕ್ಕೆ ಸೇರಿದೆಯಲ್ಲ! ನಿನಗೆ ಅಷ್ಟು ವಿಧೇಯನಾಗು ಎಂದು ಯಾರು ಹೇಳಿದ್ದರು?

"ಚಿಕ್ಕೋನ ಚಿತ್ರಾನ ತತ್ತಾರೋ, ಪಕ್ಕದಾಗಿಟ್ಟು ನೋಡಾಣ," ಎಂದಳು ಅಮ್ಮ. "ಎಲ್ಲೋ ಕಳ್ದೋಯ್ತಮ್ಮ ಅಂದಿದ್ದ ಪಾಪ, ಟ್ರಂಕ್ನಾಗೇ ಐತೇನೋ."

ಕಳೆದುಹೋಯಿತಂತೆ! ಒಲೆಗೆ ಹಾಕಿದವನು ನಾನು, ನೋಡುತ್ತಾ ನಿಂತವನು ನೀನು. ಅಮ್ಮನಿಗೆ ಯಾಕೆ ನಿಜ ಹೇಳಲಿಲ್ಲ?

ಅವಳು ಟ್ರಂಕು ತೆಗೆದು ಹುಡುಕತೊಡಗಿದಳು. ನಾನೂ ಅವಳ ಪಕ್ಕದಲ್ಲಿ ಕೂತು ಹುಡುಕಿದೆ ಕಣ್ಲಾ.