ತಿರುಗುವ ಹೋಟೆಲಿನಲ್ಲಿ ಹಸಿರು ಶಾಲು

ಅತ್ತಿಗೆಯವರಿಗೆ ನಮಸ್ಕಾರ. ಎದೆ ಇನ್ನೂ ಢವಗುಟ್ಟುತ್ತಿದೆ, ಅಕ್ಷರ ಸೊಟ್ಟಗಾದರೆ ಬೇಸರಿಸಬೇಡಿ. ಇವತ್ತು ಟೂರಿನವರು ನಮ್ಮನ್ನು ಗೋಪುರದ ತುದಿಯ ತಿರುಗುವ ಹೋಟೆಲಿಗೆ ಕರೆದೊಯ್ದರು. ಊರೆಲ್ಲ ಕಾಲ ಕೆಳಗೆ, ಅಣಬೆ ಸೂಪಂತೂ ವಂಡರ್‌ಫುಲ್! ನೀವು ನಿಮ್ಮ ತಂಗಿಗೆ ಹೆಣೆದುಕೊಟ್ಟ ಹಸಿರು ಶಾಲು, ಅವಳು ತೀರಿಹೋದ ಮೇಲೆ ನಾನೇ ಹೊದೆಯುತ್ತೇನಲ್ಲ, ಅದನ್ನು ಸೆಕೆಯೆಂದು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಸೂಪು ಮುಗಿಸಿ ನೋಡಿದರೆ ಮಾಯ! “ಥೀಫ್! ಥೀಫ್!” ಎಂದು ಕೂಗಿಬಿಟ್ಟೆ.

ಜೊತೆಗಿದ್ದ ನಿವೃತ್ತ ಕಂಡಕ್ಟರು, “ಸುಮ್ನಿರಿ ಯಜಮಾನ್ರೇ! ತಿರುಗ್ತಿರೋದು ನೆಲ, ಕಿಟಕಿ ಅಲ್ಲ. ನಿಮ್ಮ ಶಾಲು ಹಿಂದಿನ ಸ್ಟಾಪಲ್ಲೇ ಉಳೀತು” ಎಂದರು.

ಹುಡುಕುತ್ತ ಹೋದೆ. ಏನು ಹೇಳಲಿ ಅತ್ತಿಗೆ, ಕಿಟಕಿಯ ಪಕ್ಕ ನಮ್ಮವಳೇ ಬೆನ್ನು ಹಾಕಿ ಕೂತಿದ್ದಳು! ಅದೇ ನರೆತ ತುರುಬು, ಅದೇ ಶಾಲು, ಐಸ್‌ಕ್ರೀಂ ತಿನ್ನುತ್ತಿದ್ದಳು. ಹತ್ತಿರ ಹೋಗಿ “ಏಯ್” ಎಂದು ಕರೆದೆ. ಮುಖ ತಿರುಗಿಸಿದರೆ ಯಾರೋ ಗುರುತಿಲ್ಲದ ಅಜ್ಜಿ! ಶಾಲು ಹೋಟೆಲಿನದೆಂದುಕೊಂಡು ಹೊದ್ದಿದ್ದರಂತೆ. ಪಾಪ, ತೆಗೆದುಕೊಡಲು ಹೊರಟರು. “ನೋ ನೋ, ಫಸ್ಟ್ ಫಿನಿಶ್ ಐಸ್‌ಕ್ರೀಂ” ಎಂದು ಅವರ ಬೆನ್ನ ಹಿಂದೆಯೇ ಕುರ್ಚಿ ಎಳೆದುಕೊಂಡು ಕೂತೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಮಾತ್ರೆ ತಪ್ಪಿಸಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿದೆ. ಅಂದಹಾಗೆ, ಅವರ ಐಸ್‌ಕ್ರೀಂ ಮುಗಿಯುತ್ತ ಬಂದಾಗ ನಾನೇ ಇನ್ನೊಂದು ತರಿಸಿಕೊಟ್ಟೆ.

ಇಂತಿ,
ನಿಮ್ಮ ತಂಗಿಯ ಗಂಡ