ಬರೆದುಕೊಳ್ಳದ ಮಾತು

ದೋರನಹಳ್ಳಿ

ಸಾಕ್ಷ್ಯ ಕಾಯ್ದೆ ಕಲಿಸುವ ಸರ್ ಅವರಿಗೆ ನಮಸ್ಕಾರ.

ನಾಟಿ ಕೆಲಸವಿದ್ದುದರಿಂದ ಕ್ಲಾಸಿಗೆ ಬರಲಾಗಲಿಲ್ಲ. ನೀವು ಕಳಿಸುವ ಆಡಿಯೊ ಪಾಠಗಳನ್ನು ರೊಟ್ಟಿ ಬಡಿಯುತ್ತ ಕೇಳುತ್ತೇನೆ. ಓದಲು ಬಾರದ ಅವ್ವನೂ ಕೇಳುತ್ತಾಳೆ.

ಮೊನ್ನೆಯದು ಮರಣಕಾಲದ ಹೇಳಿಕೆಯ ಪಾಠ. ಸಾಯುವವರ ಮಾತನ್ನು ಬರೆದುಕೊಂಡಿರಲೇಬೇಕೆಂದಿಲ್ಲ, ಕೇಳಿಸಿಕೊಂಡವರು ಕೋರ್ಟಿನಲ್ಲಿ ಹೇಳಬಹುದು ಎಂದಿರಿ. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು.

"ಅದನ್ನ ಮತ್ತೊಮ್ಮೆ ಹಚ್ಚು," ಅಂದಳು.

ಹೋದ ವರ್ಷ ನನ್ನ ಅಕ್ಕ ಲಾಲಮ್ಮ ಗಂಡನ ಊರಿನ ಕಾಲುವೆಗೆ ಬಿದ್ದಳು. ಎತ್ತಿದಾಗ ಜೀವವಿತ್ತು. ಶಹಾಪುರದ ದವಾಖಾನೆ ಮುಟ್ಟುವ ಮೊದಲೇ, ಸುದ್ದಿ ಕೇಳಿ ಓಡಿಹೋಗಿದ್ದ ಅವ್ವನ ತೊಡೆಯ ಮೇಲೆ ಹೋದಳು. ಕಾಲು ಜಾರಿತೆಂದು ಹಿರಿಯರು ಪೊಲೀಸರ ಹತ್ತಿರ ಬರೆಸಿದರು. ಅವ್ವ ಹೆಬ್ಬೆಟ್ಟು ಒತ್ತಿದಳು.

"ದಾರ್ಯಾಗ ಆಕಿ, ಗಂಡನೇ ದಬ್ಬಿದ ಅಂದ್ಲು. ಬರ್ಕೊಳ್ಳೋರು ಯಾರೂ ಇರಲಿಲ್ಲ. ಬರೀ ನಾ ಕೇಳಿದ್ದು ಯಾರು ಹಿಡಿತಾರ ಅಂತ ಸುಮ್ಮನಾದೆ," ಎಂದಳು ಅವ್ವ, ಪಾಠ ಮತ್ತೆ ಕೇಳಿದ ಮೇಲೆ.

ಅಕ್ಕನ ಮಗುವನ್ನು ನೋಡಿಕೊಳ್ಳಲೆಂದು ಅಪ್ಪ ನನ್ನನ್ನು ಭಾವನಿಗೇ ಕೊಡುವುದೆಂದು ಮಾತು ಮುಗಿಸಿದ್ದಾನೆ. ಆ ಮಾತು ಬಂದಾಗಲೆಲ್ಲ ಅವ್ವ ಎದ್ದು ಹೊರಗೆ ಹೋಗುವುದೇಕೆಂದು ಈಗ ತಿಳಿಯಿತು.

ಹೆಬ್ಬೆಟ್ಟು ಒತ್ತಿದ ಮೇಲೂ ಅವ್ವ ಅದನ್ನು ಹೇಳಬಹುದೇ, ಸರ್? ಉತ್ತರ ಬರೆಯಬೇಡಿ, ನಿಮ್ಮ ದನಿಯಲ್ಲೇ ಕಳಿಸಿ. ಅವಳು ನನ್ನ ಮಾತು ನಂಬುವುದಿಲ್ಲ, ನಿಮ್ಮದನ್ನು ನಂಬುತ್ತಾಳೆ.

ಗುರುವಾರ ನನಗೆ ಅರಿಶಿಣ ಹಚ್ಚುತ್ತಾರೆ. ಅಷ್ಟರೊಳಗೆ ಬಂದರೆ ಸಾಕು.

ನಿಮ್ಮ ವಿದ್ಯಾರ್ಥಿನಿ
ಮಲ್ಲಿಕಮ್ಮ